ಜೈನಗ್ರಂಥಗಳಲ್ಲಿ ಅಸ್ಥಿಸಂಖ್ಯೆ ಮತ್ತು ಸಂಹನನ ವಿಚಾರ

ಮನುಷ್ಯ ಶರೀರದಲ್ಲಿರುವ ಎಲುಬುಗಳೆಷ್ಟು ಎಂಬ ಪ್ರಶ್ನೆಗೆ ಪ್ರಾಚೀನ ಗ್ರಂಥಗಳು ಒಂದೇ ಉತ್ತರವನ್ನು ಕೊಡುವುದಿಲ್ಲ. ಚರಕಸಂಹಿತೆಯ ಗಣನೆ 360. ಸುಶ್ರುತಸಂಹಿತೆ ಈ ಸಂಖ್ಯೆಯನ್ನು ವೇದವಾದಿಗಳದೆಂದು ಹೇಳಿ, ಶಲ್ಯತಂತ್ರದ ಮತದಂತೆ 300 ಎಂದು ನಿರ್ಣಯಿಸುತ್ತದೆ. ಶಿವಾರ್ಯರ ಭಗವತೀ ಆರಾಧನೆಯೂ ಮಜ್ಜೆಯಿಂದ ತುಂಬಿದ 300 ಅಸ್ಥಿಗಳನ್ನು ಹೇಳುತ್ತದೆ. ಶ್ವೇತಾಂಬರ ಪ್ರಕೀರ್ಣಕಗಳಲ್ಲಿ ಸೇರಿದ ತಂದುಲವೇಯಾಲಿಯದಲ್ಲಿಯೂ ಅದೇ ಸಂಖ್ಯೆಯಿದೆ. ದಾವಣಗೆರೆಯಲ್ಲಿ 1965ರಲ್ಲಿ ಸ್ಥಾಪಿತವಾದ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಮಹಾವಿದ್ಯಾಲಯದ ವಿದ್ಯಾರ್ಥಿಯಾದರೋ, ಬೇರೆಲ್ಲ ಕಡೆಗಳಂತೆ, ಪ್ರಾಪ್ತವಯಸ್ಕನ ಎಲುಬುಗಳನ್ನು 206 ಎಂದೇ ಕಲಿಯುತ್ತಾನೆ. ಓಲೆಗರಿಯ ಮೇಲಿನ 300ನ್ನು ಎದುರಿಸಿದ ಸಂಪಾದಕನು ಅದನ್ನು ತಪ್ಪೆನ್ನಬೇಕೆ, ಪಾಠಭ್ರಂಶವೆನ್ನಬೇಕೆ, ಅಥವಾ ಗೂಢಾರ್ಥವುಳ್ಳದ್ದೆಂದು ಸಮರ್ಥಿಸಬೇಕೆ?

ಮೊದಲು ಎಣಿಕೆಯ ಪದ್ಧತಿಯನ್ನು ನೋಡಬೇಕು. ಸುಶ್ರುತನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಅಸ್ಥಿಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾನೆ. ಇವುಗಳಲ್ಲಿ ರುಚಕವೆಂದರೆ ಹಲ್ಲು. ತರುಣವೆಂದರೆ ಮೂಗು ಕಿವಿಗಳಲ್ಲಿರುವ ಮೃದ್ವಸ್ಥಿ. ಇವೆರಡನ್ನೂ ಇಂದಿನ ಶಾರೀರಶಾಸ್ತ್ರ ಎಲುಬೆಂದು ಗಣಿಸುವುದಿಲ್ಲ. ಚರಕನ ಗಣನೆಯಲ್ಲಿ 32 ಹಲ್ಲುಗಳಲ್ಲದೆ ಹಲ್ಲಿನ ಗೂಡುಗಳು 32, ಉಗುರುಗಳು 20 ಸೇರಿವೆ. ಹುಟ್ಟಿದ ಶಿಶುವಿನಲ್ಲಿ ಬಿಡಿಬಿಡಿಯಾಗಿದ್ದ ಎಷ್ಟೋ ಎಲುಬುಗಳು ಬೆಳೆದಂತೆ ಒಂದಾಗುತ್ತವೆ. ಬೆನ್ನೆಲುಬಿನ ತಳದ ಐದು ಕಶೇರುಗಳು ಕೂಡಿ ತ್ರಿಕಾಸ್ಥಿಯಾಗುವುದು ಇದಕ್ಕೆ ನಿದರ್ಶನ. ಆದುದರಿಂದ ಸಂಖ್ಯಾಭೇದದ ಮೂಲವು ಬಹುಮಟ್ಟಿಗೆ ಲಕ್ಷಣಭೇದದಲ್ಲಿದೆ. ಆದರೆ ಇದನ್ನೇ ಹಿಡಿದು ಪ್ರಾಚೀನರು 206ನ್ನೂ ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ.

ಗ್ರಂಥಗಳ ಪರಸ್ಪರ ತುಲನೆಯಿಂದ ಇನ್ನೊಂದು ವಿಷಯವು ವಿದಿತವಾಗುತ್ತದೆ. ಸ್ನಾಯುಗಳು 900, ಸಿರೆಗಳು 700, ಮಾಂಸಪೇಶಿಗಳು 500 ಎಂಬಲ್ಲಿ ಸುಶ್ರುತಸಂಹಿತೆ, ಭಗವತೀ ಆರಾಧನೆ, ತಂದುಲವೇಯಾಲಿಯ ಈ ಮೂರಕ್ಕೂ ಐಕಮತ್ಯವಿದೆ. ಸಂಧಿಗಳ ವಿಷಯದಲ್ಲಿ ಮಾತ್ರ ಮೂರೂ ಬೇರೆಯಾಗುತ್ತವೆ: ಸುಶ್ರುತನಿಗೆ ಅವು 210, ತಂದುಲವೇಯಾಲಿಯಕ್ಕೆ 160, ಭಗವತೀ ಆರಾಧನೆಗೆ 300. ಉಳಿದ ಸಂಖ್ಯೆಗಳೆಲ್ಲ ಹೊಂದುವುದರಿಂದ ಈ ಒಂದನ್ನೂ ಹೊಂದಿಸಿಬಿಡೋಣವೆಂಬ ಆಸೆ ಸಂಪಾದಕನಿಗೆ ಹುಟ್ಟುವುದು ಸಹಜ. ಆದರೆ ಆರಾಧನೆಯ ಉದ್ದೇಶ ಚಿಕಿತ್ಸೆಯಲ್ಲ. ದೇಹದ ಅಶುಚಿತ್ವವನ್ನು ಭಾವಿಸಿ ಕ್ಷಪಕನು ವಿರಕ್ತನಾಗಬೇಕೆಂಬುದು. ಎಲುಬುಗಳಷ್ಟೇ ಸಂಧಿಗಳೆಂಬ ಗಣನೆ ಆ ಭಾವನೆಗೆ ಸಾಕಾಗಿದ್ದಿರಬಹುದು. ಅದನ್ನು 210ಕ್ಕೆ ತಿದ್ದಿದರೆ ಸಂಪ್ರದಾಯದ ಒಂದು ಸ್ವತಂತ್ರ ಸಾಕ್ಷ್ಯವೇ ಅಳಿಯುತ್ತದೆ.

ಇಂಥ ತಿದ್ದುವಿಕೆಯ ಪ್ರಸಿದ್ಧ ಉದಾಹರಣೆ ರುಡಾಲ್ಫ್ ಹರ್ನಲೆ ಅವರದು. ಉವಾಸಗದಸಾಓ ಆಗಮವನ್ನು ಸಂಪಾದಿಸಿದವರೆಂದು ಜೈನ ವಿದ್ವಾಂಸರಿಗೆ ಸುಪರಿಚಿತರಾದ ಅವರು, ಪ್ರಾಚೀನ ಭಾರತದ ಅಸ್ಥಿಶಾಸ್ತ್ರವನ್ನು ಕುರಿತ ಗ್ರಂಥವನ್ನು 1907ರಲ್ಲಿ ಪ್ರಕಟಿಸಿದರು. ಚರಕ ಸುಶ್ರುತರ ಅಸ್ಥಿಪಟ್ಟಿಗಳು ಪರಂಪರೆಯಲ್ಲಿ ಕೆಟ್ಟಿವೆಯೆಂದು ಬಗೆದು, ಸ್ಮೃತಿಗಳ ಪಟ್ಟಿಗಳನ್ನೂ ಆಧುನಿಕ ಶಾರೀರವನ್ನೂ ಮುಂದಿಟ್ಟುಕೊಂಡು ಮೂಲವನ್ನು ಪುನಾರಚಿಸಿದರು. ಅವರ ಶ್ರಮ ಅಸಾಧಾರಣವಾದುದು. ಆದರೆ ಎಲುಬನ್ನು ನೋಡಿ ಪಾಠವನ್ನು ನಿರ್ಣಯಿಸುವ ಈ ಕ್ರಮದಲ್ಲಿ, ಗ್ರಂಥಕಾರನು ಹೇಳಿದ್ದೇನು ಎಂಬುದಕ್ಕಿಂತ ಹೇಳಬೇಕಾಗಿದ್ದುದೇನು ಎಂಬುದು ಮುಂದಾಗುವ ಅಪಾಯವಿದೆ.

ಸಂಖ್ಯೆಗಿಂತ ಹೆಚ್ಚಾಗಿ ಜೈನಾಚಾರ್ಯರ ಸ್ವಂತ ಕೊಡುಗೆಯೆನ್ನಬಹುದಾದುದು ಸಂಹನನ ವಿಚಾರ. ನಾಮಕರ್ಮದ ಪ್ರಭೇದವಾದ ಇದು ವಜ್ರವೃಷಭನಾರಾಚ, ವಜ್ರನಾರಾಚ, ನಾರಾಚ, ಅರ್ಧನಾರಾಚ, ಕೀಲಿಕಾ, ಅಸಂಪ್ರಾಪ್ತಸೃಪಾಟಿಕಾ ಎಂದು ಆರು ವಿಧ. ದಿಗಂಬರ ವ್ಯಾಖ್ಯಾನದಲ್ಲಿ ವೃಷಭವೆಂದರೆ ವೇಷ್ಟನ, ನಾರಾಚವೆಂದರೆ ಕೀಲ. ಎಲುಬು, ವೇಷ್ಟನ, ಕೀಲ ಮೂರೂ ವಜ್ರದಂತಿರುವುದು ಮೊದಲನೆಯದು. ಶ್ವೇತಾಂಬರರು ನಾರಾಚವನ್ನು ಮರ್ಕಟಬಂಧವೆಂದೂ ವಜ್ರವನ್ನು ಕೀಲವೆಂದೂ ಅರ್ಥೈಸುತ್ತಾರೆ. ಕಡೆಯ ಸಂಹನನದಲ್ಲಿ ಎಲುಬುಗಳು ಒಂದಕ್ಕೊಂದು ಕೂಡದೆ ಸಿರೆ ಸ್ನಾಯುಗಳಿಂದ ಮಾತ್ರ ಬಿಗಿಯಲ್ಪಟ್ಟಿರುತ್ತವೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಧ್ಯಾನವನ್ನು ಉತ್ತಮ ಸಂಹನನವುಳ್ಳವನಿಗೆ ವಿಧಿಸುತ್ತದೆ; ಪೂಜ್ಯಪಾದರು ಮೊದಲ ಮೂರನ್ನು ಉತ್ತಮವೆಂದು ಗ್ರಹಿಸಿ, ಮೋಕ್ಷಕ್ಕೆ ಮೊದಲನೆಯದೊಂದೇ ಸಾಧನವೆನ್ನುತ್ತಾರೆ. ಇಲ್ಲಿ ಬಲವನ್ನು ಅಳೆಯುವಾಗ ಎಲುಬಿನ ಗಟ್ಟಿತನದೊಡನೆ ಅದರ ಬಂಧವೂ ಗಣನೆಗೆ ಬರುತ್ತದೆ ಎಂಬುದು ಗಮನಾರ್ಹ.

ಗಟ್ಟಿತನವೊಂದೇ ಬಲವಲ್ಲವೆಂಬುದಕ್ಕೆ ದಾವಣಗೆರೆಯ ನೆರೆಯಲ್ಲಿಯೇ ದುಃಖಕರವಾದ ಸಾಕ್ಷ್ಯವಿದೆ. ಜಗಳೂರು ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ, ಕುಡಿಯುವ ನೀರಿಗೆ ಅನುಮತಿಸಲಾದ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ಫ್ಲೋರೈಡ್ ಕಂಡುಬಂದಿದೆ. ಅಂಥ ನೀರನ್ನು ಬಹುಕಾಲ ಕುಡಿದವರಿಗೆ ಅಸ್ಥಿ ಫ್ಲೋರೋಸಿಸ್ ಉಂಟಾಗಬಹುದು. ಆಗ ಎಲುಬು ಸಾಂದ್ರವಾಗುತ್ತದೆ. ಸಂಧಿಗಳನ್ನು ಬಿಗಿದ ತಂತುಗಳಲ್ಲಿ ಸುಣ್ಣ ಸೇರುತ್ತದೆ. ಬೆನ್ನು ಬಾಗದಂತಾಗಿ ನಡಿಗೆಯೇ ಕಷ್ಟವಾಗುತ್ತದೆ. ಸಂಹನನ ವಿಚಾರವು ಈ ರೋಗವನ್ನು ಮೊದಲೇ ಅರಿತಿತ್ತೆಂದು ಹೇಳಲಾಗದು. ಆಚಾರ್ಯರದು ಕರ್ಮಶಾಸ್ತ್ರ, ವೈದ್ಯರದು ರೋಗಶಾಸ್ತ್ರ. ಒಂದರ ಪರಿಭಾಷೆಯಿಂದ ಇನ್ನೊಂದನ್ನು ಸಾಧಿಸಬಾರದು.

ಜೈನರಲ್ಲಿ ಚಿಕಿತ್ಸಾಪರಂಪರೆಯೂ ಪ್ರತ್ಯೇಕವಾಗಿ ಇದ್ದೇ ಇತ್ತು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು. ಅದರಲ್ಲಿ ಉಗ್ರಾದಿತ್ಯರು ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಗಳನ್ನೂ ಪೂರ್ವಾಚಾರ್ಯರೆಂದು ಸ್ಮರಿಸಿದ್ದಾರೆ. ಮುರಿದ ಎಲುಬು, ತಪ್ಪಿದ ಕೀಲುಗಳ ಚಿಕಿತ್ಸೆ ಶಲ್ಯತಂತ್ರಕ್ಕೇ ಸೇರಿದ್ದು. ಪಾತ್ರಸ್ವಾಮಿಗಳ ಆ ಕೃತಿ ಇಂದು ಉಪಲಬ್ಧವಿಲ್ಲ. ಅದರ ಒಂದೆರಡು ಗರಿಗಳಾದರೂ ಮುಂದೆ ಯಾವುದಾದರೂ ಭಂಡಾರದಲ್ಲಿ ದೊರೆತರೆ, ಅಲ್ಲಿಯ ಅಸ್ಥಿಸಂಖ್ಯೆ ಸುಶ್ರುತನದರೊಡನೆ ಹೊಂದಲೂಬಹುದು, ಆರಾಧನೆಯೊಡನೆ ಹೊಂದಲೂಬಹುದು, ಎರಡಕ್ಕೂ ಬೇರೆಯಾಗಲೂಬಹುದು. ಯಾವುದೇ ಆಗಲಿ, ಗರಿಯಲ್ಲಿರುವ ಅಂಕಿಯನ್ನು ಇದ್ದಂತೆಯೇ ಮೂಲದಲ್ಲಿ ಉಳಿಸಿ, ಇತರ ಗಣನೆಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವುದೇ ಸಂಪಾದಕನ ಧರ್ಮ. ಇಂದಿನ ಜ್ಞಾನಕ್ಕೆ ಸರಿಹೊಂದುವಂತೆ ತಿದ್ದಿದ ಪಾಠದಿಂದ ಆಚಾರ್ಯರ ಗೌರವ ಹೆಚ್ಚುವುದಿಲ್ಲ. ಅವರ ಮಾತು ಮಾತ್ರ ನಷ್ಟವಾಗುತ್ತದೆ.