ಸಾಮಾನ್ಯ ಪ್ರೇಕ್ಷಕರ ಮಾತು: ಒಂದು ಅಧ್ಯಯನ ಕ್ಷೇತ್ರ ಬೆಳೆದ ಬಗೆ

ಸಿನಿಮಾ ನೋಡಿ ಹೊರಬಂದವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು, ಧಾರಾವಾಹಿಯ ಕಂತು ಮುಗಿದ ಮೇಲೆ ಅಕ್ಕಪಕ್ಕದ ಮನೆಯವರ ನಡುವೆ ನಡೆಯುವ ಚರ್ಚೆ, ಪತ್ರಿಕೆಗೆ ಬರೆದ ನಾಲ್ಕು ಸಾಲಿನ ಪತ್ರ, ಮೊಬೈಲಿನಲ್ಲಿ ಒತ್ತುವ ನಕ್ಷತ್ರದ ಗುರುತು, ಇವೆಲ್ಲವೂ ವಿಮರ್ಶೆಯನ್ನು ವೃತ್ತಿಯಾಗಿಸಿಕೊಳ್ಳದ ಸಾಮಾನ್ಯ ಪ್ರೇಕ್ಷಕರ ಅಭಿಪ್ರಾಯದ ಬೇರೆಬೇರೆ ರೂಪಗಳು. ಈ ಅಭಿಪ್ರಾಯವನ್ನು ಸಂಗ್ರಹಿಸುವ, ಅಳೆಯುವ ಮತ್ತು ಅರ್ಥೈಸುವ ಪ್ರಯತ್ನಗಳಿಗೆ ಹೆಚ್ಚುಕಡಿಮೆ ನೂರು ವರ್ಷದ ಇತಿಹಾಸವಿದ್ದು, ಮಾಧ್ಯಮ ಅಧ್ಯಯನದಲ್ಲಿ ಇವನ್ನು ಒಟ್ಟಾರೆಯಾಗಿ ಪ್ರೇಕ್ಷಕ ಸಂಶೋಧನೆ ಎಂದು ಕರೆಯಲಾಗುತ್ತದೆ. ಈ ಇತಿಹಾಸದ ಉದ್ದಕ್ಕೂ ಒಂದು ಸಂಗತಿ ಮತ್ತೆಮತ್ತೆ ಎದುರಾಗುತ್ತದೆ: ಪ್ರೇಕ್ಷಕರನ್ನು ಕೇಳಿದವರು ಯಾರು, ಯಾವ ಉದ್ದೇಶಕ್ಕಾಗಿ ಕೇಳಿದರು ಎಂಬುದೇ ಅವರಿಂದ ಬಂದ ಉತ್ತರದ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿದೆ.

ಭಾರತದಲ್ಲಿ ಈ ಕೇಳುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು 1927-28ರಲ್ಲಿ, ಮದರಾಸಿನ ವಕೀಲ ಟಿ. ರಂಗಾಚಾರ್ಯರ ಅಧ್ಯಕ್ಷತೆಯ ಸಿನಿಮಾಟೋಗ್ರಾಫ್ ಸಮಿತಿಯ ಮೂಲಕ. ಸೆನ್ಸಾರ್ ವ್ಯವಸ್ಥೆ ಸಾಕಷ್ಟು ಬಿಗಿಯಾಗಿದೆಯೇ, ಅಮೆರಿಕದ ಚಿತ್ರಗಳ ಬದಲು ಸಾಮ್ರಾಜ್ಯದೊಳಗಿನ ಚಿತ್ರಗಳಿಗೆ ಪ್ರೋತ್ಸಾಹ ಕೊಡಬಹುದೇ ಎಂಬುದು ಸರ್ಕಾರದ ಚಿಂತೆಯಾಗಿತ್ತು. ಸಮಿತಿಯು ನಗರದಿಂದ ನಗರಕ್ಕೆ ಸಂಚರಿಸಿ 353 ಸಾಕ್ಷಿಗಳ ಹೇಳಿಕೆ ಪಡೆಯಿತಾದರೂ, ಅವರಲ್ಲಿ ಅಧಿಕಾರಿಗಳು, ವಕೀಲರು, ಶಿಕ್ಷಣತಜ್ಞರು ಮತ್ತು ಚಿತ್ರೋದ್ಯಮದವರೇ ಹೆಚ್ಚಾಗಿದ್ದುದರಿಂದ, ನೆಲದ ಮೇಲೆ ಕುಳಿತು ಚಿತ್ರ ನೋಡುವವರ ರುಚಿ ಎಂಥದು ಎಂಬುದನ್ನು ಬೇರೆಯವರೇ ಅವರ ಪರವಾಗಿ ವಿವರಿಸಿದರು. ಪ್ರಶ್ನಾವಳಿಗೆ ಉತ್ತರಿಸಿದ ಗಾಂಧೀಜಿ, ತಾವು ಒಮ್ಮೆಯೂ ಸಿನಿಮಾ ನೋಡಿಲ್ಲವೆಂದು ತಿಳಿಸಿ, ಅದರಿಂದ ಕೆಡುಕೇ ಹೆಚ್ಚೆಂಬ ನಿಲುವನ್ನು ದಾಖಲಿಸಿದರು. ಸಾಕ್ಷ್ಯದ ಸಂಪುಟಗಳು ಇಂದಿಗೂ ಅಮೂಲ್ಯ ಆಕರಗಳಾಗಿವೆ. ಆದರೆ ಅವುಗಳಲ್ಲಿ ಕೇಳಿಬರುವುದು ಬಹುಪಾಲು ಪ್ರೇಕ್ಷಕರ ಬಗೆಗಿನ ಮಾತೇ ಹೊರತು ಪ್ರೇಕ್ಷಕರದೇ ಮಾತು ಅಲ್ಲ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಪೇನ್ ಫಂಡ್ ಎಂಬ ದತ್ತಿನಿಧಿಯ ನೆರವಿನಿಂದ ನಡೆದ ಅಧ್ಯಯನಗಳು ಮಕ್ಕಳ ಮೇಲೆ ಸಿನಿಮಾದ ಪ್ರಭಾವವನ್ನು ಪತ್ತೆಹಚ್ಚಲು ಹೊರಟವು. ಅವುಗಳ ಭಾಗವಾಗಿ ಷಿಕಾಗೋದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಬ್ಲೂಮರ್ ಯುವಜನರಿಂದ ಅವರವರ ಸಿನಿಮಾ ಅನುಭವದ ಆತ್ಮಕಥನಗಳನ್ನು ಬರೆಸಿ, 1933ರಲ್ಲಿ ಅವುಗಳನ್ನು ಆಧರಿಸಿದ ಗ್ರಂಥವನ್ನು ಪ್ರಕಟಿಸಿದರು. ಹಾನಿಯನ್ನು ಹುಡುಕುವ ಯೋಜನೆಯೊಳಗಿಂದಲೇ ಪ್ರೇಕ್ಷಕರ ಸ್ವಂತ ಬರಹ ಮೂಡಿಬಂದದ್ದು ಗಮನಾರ್ಹ. ಬ್ರಿಟನ್ನಿನಲ್ಲಿ 1937ರಲ್ಲಿ ಆರಂಭವಾದ ಮಾಸ್ ಅಬ್ಸರ್ವೇಷನ್ ಸಂಸ್ಥೆ ಜನಸಾಮಾನ್ಯರ ದಿನನಿತ್ಯದ ಬದುಕನ್ನು ದಾಖಲಿಸುವ ಹಂಬಲದಿಂದ, ಬೋಲ್ಟನ್ ಪಟ್ಟಣದ ಮೂರು ಬೇರೆಬೇರೆ ದರ್ಜೆಯ ಚಿತ್ರಮಂದಿರಗಳಲ್ಲಿ 1938ರಲ್ಲಿ ಪ್ರಶ್ನಾವಳಿ ಹಂಚಿ, ಅಲ್ಲಿನ ಪ್ರೇಕ್ಷಕರು ತಮ್ಮ ಕೈಯಾರೆ ಬರೆದ ಅಭಿಪ್ರಾಯಗಳನ್ನು ಕೂಡಿಟ್ಟಿತು.

ಚಿತ್ರೋದ್ಯಮ ಇದೇ ಕೆಲಸವನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಮಾಡಿಕೊಂಡಿತ್ತು. ಬಿಡುಗಡೆಗೆ ಮೊದಲು ಆಯ್ದ ಊರಿನಲ್ಲಿ ಚಿತ್ರವನ್ನು ತೋರಿಸಿ, ನೋಡಿದವರಿಂದ ಕಾರ್ಡಿನ ಮೇಲೆ ಅಭಿಪ್ರಾಯ ಬರೆಸಿಕೊಳ್ಳುವ ಪ್ರಿವ್ಯೂ ಪದ್ಧತಿ ಹಾಲಿವುಡ್‌ನಲ್ಲಿ ನೆಲೆಯೂರಿತ್ತು. ಆರ್ಸನ್ ವೆಲ್ಸ್ ನಿರ್ದೇಶಿಸಿದ ‘ದ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಚಿತ್ರವನ್ನು 1942ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ತೋರಿಸಿದಾಗ ಬಂದ ಕಾರ್ಡುಗಳಲ್ಲಿ ಬೇಸರದ ಮಾತುಗಳೇ ಹೆಚ್ಚಾಗಿದ್ದವು. ನಿರ್ದೇಶಕ ಬ್ರೆಜಿಲ್‌ನಲ್ಲಿದ್ದಾಗಲೇ ನಿರ್ಮಾಣ ಸಂಸ್ಥೆ ಆರ್‌ಕೆಒ ಚಿತ್ರದ 40 ನಿಮಿಷಕ್ಕೂ ಹೆಚ್ಚಿನ ಭಾಗವನ್ನು ಕತ್ತರಿಸಿ, ಅಂತ್ಯವನ್ನು ಬೇರೆಯವರಿಂದ ಹೊಸದಾಗಿ ಚಿತ್ರೀಕರಿಸಿ, 88 ನಿಮಿಷದ ರೂಪದಲ್ಲಿ ಬಿಡುಗಡೆ ಮಾಡಿತು. ಕತ್ತರಿಸಿದ ಭಾಗ ಮತ್ತೆ ಸಿಗದಂತೆ ನಾಶವಾಯಿತು. ಈ ಪ್ರಸಂಗವನ್ನು ಕಲೆಯ ಅರಿವಿಲ್ಲದ ಜನರಿಂದ ಮಹಾಕೃತಿಯೊಂದು ಹಾಳಾದ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಅದೇ ಕಾರ್ಡುಗಳಲ್ಲಿ ಚಿತ್ರವನ್ನು ಮನಸಾರೆ ಮೆಚ್ಚಿದವರೂ ಇದ್ದರು, ಕೆಲವೇ ದಿನಗಳಲ್ಲಿ ಪ್ಯಾಸಡೀನಾದಲ್ಲಿ ನಡೆದ ಇನ್ನೊಂದು ಪ್ರದರ್ಶನಕ್ಕೆ ಉತ್ತಮ ಪ್ರತಿಕ್ರಿಯೆಯೂ ಬಂದಿತ್ತು ಎಂಬುದನ್ನು ನೆನೆದರೆ, ತಪ್ಪು ಪ್ರೇಕ್ಷಕರದಲ್ಲ, ಒಂದು ಸಂಜೆಯ ಪ್ರತಿಕ್ರಿಯೆಯನ್ನು ಅಂತಿಮ ತೀರ್ಪೆಂದು ಭಾವಿಸಿದ ಸಂಸ್ಥೆಯದು ಎಂದು ಹೇಳಬೇಕಾಗುತ್ತದೆ.

ಕ್ಷೇತ್ರದ ದಿಕ್ಕು ಬದಲಾದದ್ದು 1970ರ ದಶಕದಲ್ಲಿ. ಬರ್ಮಿಂಗ್‌ಹ್ಯಾಮ್‌ನ ಸ್ಟುವರ್ಟ್ ಹಾಲ್ 1973ರಲ್ಲಿ ಮಂಡಿಸಿದ ವಾದದ ಪ್ರಕಾರ, ಕಾರ್ಯಕ್ರಮ ತಯಾರಿಸುವವರು ಅದರಲ್ಲಿ ಅಡಕಗೊಳಿಸಿದ ಅರ್ಥವನ್ನೇ ನೋಡುವವರು ಬಿಡಿಸಿಕೊಳ್ಳುತ್ತಾರೆಂಬ ಖಾತ್ರಿಯಿಲ್ಲ. ಕೆಲವರು ಅದನ್ನು ಹಾಗೆಯೇ ಒಪ್ಪುತ್ತಾರೆ, ಕೆಲವರು ತಮ್ಮ ಅನುಭವಕ್ಕೆ ಹೊಂದಿಸಿಕೊಂಡು ಭಾಗಶಃ ಒಪ್ಪುತ್ತಾರೆ, ಮತ್ತೆ ಕೆಲವರು ಅದಕ್ಕೆ ವಿರುದ್ಧವಾಗಿ ಓದುತ್ತಾರೆ. ಡೇವಿಡ್ ಮಾರ್ಲಿ ಇದನ್ನು ಬಿಬಿಸಿಯ ‘ನೇಷನ್‌ವೈಡ್’ ಕಾರ್ಯಕ್ರಮದ ಮೇಲೆ ಪರೀಕ್ಷಿಸಿ, ಬ್ಯಾಂಕ್ ವ್ಯವಸ್ಥಾಪಕರು, ಕಾರ್ಮಿಕ ಸಂಘಟನೆಯವರು ಮತ್ತು ವಿದ್ಯಾರ್ಥಿಗಳು ಒಂದೇ ಕಂತನ್ನು ಹೇಗೆ ಬೇರೆಬೇರೆಯಾಗಿ ಗ್ರಹಿಸಿದರೆಂಬುದನ್ನು 1980ರಲ್ಲಿ ಪ್ರಕಟಿಸಿದರು.

ಈ ತಿರುವಿನ ಅತ್ಯಂತ ಮಾನವೀಯ ಫಲವೆಂದರೆ ನೆದರ್‌ಲ್ಯಾಂಡ್ಸ್‌ನ ಇಯೆನ್ ಆಂಗ್ ಅವರ ಅಧ್ಯಯನ. ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯನ್ನು ತಾವು ಇಷ್ಟಪಟ್ಟು ನೋಡುವುದಾಗಿಯೂ, ಬೇರೆಯವರಿಗೆ ಅದು ಏಕೆ ಹಿಡಿಸುತ್ತದೆ ಅಥವಾ ಹಿಡಿಸುವುದಿಲ್ಲವೆಂದು ತಿಳಿಯುವ ಆಸೆಯಿದೆಯೆಂದೂ ಅವರು ಮಹಿಳಾ ಪತ್ರಿಕೆಯೊಂದರಲ್ಲಿ ಚಿಕ್ಕ ಜಾಹೀರಾತು ಕೊಟ್ಟರು. ಬಂದದ್ದು 42 ಪತ್ರಗಳು ಮಾತ್ರ. ಆದರೂ 1982ರಲ್ಲಿ ಡಚ್ ಭಾಷೆಯಲ್ಲಿ, 1985ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಅವರ ಪುಸ್ತಕ ಸಾವಿರಾರು ಉತ್ತರಗಳ ಸಮೀಕ್ಷೆಗಳಿಗಿಂತ ಹೆಚ್ಚು ಕಾಲ ಬಾಳಿದೆ. ಎಣ್ಣೆ ವ್ಯಾಪಾರದ ಕೋಟ್ಯಧೀಶರ ಮನೆತನದ ಕಥೆ ತಮ್ಮ ಬದುಕಿನಿಂದ ದೂರವೆಂದು ಬಲ್ಲ ವೀಕ್ಷಕರೂ ಆ ಮನೆತನದ ಜಗಳ, ಅಸೂಯೆ, ಒಂಟಿತನಗಳು ನಿಜವೆನಿಸುತ್ತವೆಂದು ಬರೆದಿದ್ದರು. ಈ ಗುಣವನ್ನು ಆಂಗ್ ಭಾವನಾತ್ಮಕ ವಾಸ್ತವವೆಂದು ಹೆಸರಿಸಿದರು. ಮೆಚ್ಚಿದವರಲ್ಲಿ ಅನೇಕರು ತಮ್ಮ ಮೆಚ್ಚುಗೆಯನ್ನು ಸಂಕೋಚದಿಂದ ಸಮರ್ಥಿಸಿಕೊಳ್ಳುತ್ತಿದ್ದುದನ್ನೂ ಅವರು ಗುರುತಿಸಿದರು. ತಮಾರ್ ಲೀಬ್ಸ್ ಮತ್ತು ಎಲಿಹು ಕಾಟ್ಜ್ 1990ರಲ್ಲಿ ಪ್ರಕಟಿಸಿದ ಅಧ್ಯಯನವು ಇಸ್ರೇಲಿನ ಅರಬರು, ಮೊರೊಕ್ಕೊ ಮೂಲದ ಯೆಹೂದಿಗಳು, ರಷ್ಯಾದಿಂದ ಬಂದವರು ಮತ್ತು ಕಿಬ್ಬುಟ್ಸ್ ಎಂಬ ಸಾಮೂಹಿಕ ನೆಲೆಗಳ ನಿವಾಸಿಗಳು ಅದೇ ಧಾರಾವಾಹಿಯನ್ನು ಮರಳಿ ಹೇಳುವ ಕ್ರಮದಲ್ಲೇ ಭಿನ್ನರಾಗಿದ್ದರೆಂದು ತೋರಿಸಿತು.

ಭಾರತದ ದೂರದರ್ಶನದಲ್ಲಿ 1984ರ ಜುಲೈಯಿಂದ 1985ರ ಡಿಸೆಂಬರ್‌ವರೆಗೆ 156 ಕಂತುಗಳಲ್ಲಿ ಪ್ರಸಾರವಾದ, ಮನೋಹರ ಶ್ಯಾಮ ಜೋಶಿ ಬರೆದ ‘ಹಮ್ ಲೋಗ್’ಗೆ ಸುಮಾರು 4 ಲಕ್ಷ ಪತ್ರಗಳು ಬಂದವೆಂದು ಹೇಳಲಾಗುತ್ತದೆ. ಕುಟುಂಬ ಯೋಜನೆ, ಹೆಣ್ಣಿನ ಸ್ಥಾನಮಾನ ಮುಂತಾದ ವಿಷಯಗಳಲ್ಲಿ ಜನರಿಗೆ ತಿಳಿವಳಿಕೆ ಕೊಡುವುದು ಅದರ ಉದ್ದೇಶವಾಗಿದ್ದು, ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರ್ ವೀಕ್ಷಕರೊಡನೆ ನೇರವಾಗಿ ಮಾತನಾಡುತ್ತಿದ್ದರು. ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ನಡೆಸಿದ ಸಂಶೋಧನೆಯಲ್ಲಿ ಕಂಡುಬಂದಂತೆ, ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯನ್ನು ಅನುಸರಿಸಬಾರದ ಮಾದರಿಯಾಗಿ ರೂಪಿಸಲಾಗಿದ್ದರೂ, ಗಣನೀಯ ಸಂಖ್ಯೆಯ ವೀಕ್ಷಕರು ಆಕೆಯನ್ನೇ ಆದರ್ಶವೆಂದು ಭಾವಿಸಿದರು. ಹಾಲ್ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮುಂದೆ ಪೂರ್ಣಿಮಾ ಮಂಕೇಕರ್ ದೆಹಲಿಯ ಕೆಳ ಮಧ್ಯಮವರ್ಗದ ಮನೆಗಳಲ್ಲಿ ಕುಳಿತು ಜನರೊಡನೆ ಟಿವಿ ನೋಡುತ್ತ, ‘ಮಹಾಭಾರತ’ದ ದ್ರೌಪದಿಯ ವಸ್ತ್ರಾಪಹರಣದ ಪ್ರಸಂಗವನ್ನು ಹೆಂಗಸರು ತಮ್ಮದೇ ಕುಟುಂಬಗಳಲ್ಲಿನ ಅಸಹಾಯಕತೆಯ ಮಾತಾಗಿ ಗ್ರಹಿಸುತ್ತಿದ್ದುದನ್ನು ದಾಖಲಿಸಿದರು. 1999ರಲ್ಲಿ ಪ್ರಕಟವಾದ ಈ ಕೃತಿಯಲ್ಲಿ ಧಾರಾವಾಹಿಯ ಬಗೆಗಿನ ಅಭಿಪ್ರಾಯ ಮತ್ತು ಬದುಕಿನ ಬಗೆಗಿನ ಅಭಿಪ್ರಾಯ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ.

ಕರ್ನಾಟಕದಲ್ಲಿ ಇದಕ್ಕೆ ಸಂಬಂಧಿಸಿದ ಮಹತ್ವದ ಪ್ರಯೋಗ ವಿಶ್ವವಿದ್ಯಾಲಯದಲ್ಲಿ ನಡೆಯದೆ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನಡೆಯಿತು. 1949ರಲ್ಲಿ ಹುಟ್ಟಿದ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿದ ಮೇಲೆ, ಕೆ. ವಿ. ಸುಬ್ಬಣ್ಣನವರ ಮುತುವರ್ಜಿಯಿಂದ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದ ಪಿ. ಕೆ. ನಾಯರ್ ಮತ್ತು ಪ್ರಾಧ್ಯಾಪಕ ಸತೀಶ್ ಬಹಾದೂರ್ ಅವರ ಬೆಂಬಲದೊಂದಿಗೆ, ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’ನಂಥ ಚಿತ್ರಗಳನ್ನು ಅಡಿಕೆ ತೋಟದವರೂ ಕೂಲಿಯವರೂ ಒಟ್ಟಿಗೆ ಕುಳಿತು ನೋಡಿ ಚರ್ಚಿಸುವಂತಾಯಿತು. ಕಲಾತ್ಮಕ ಚಿತ್ರಗಳು ಹಳ್ಳಿಯವರಿಗೆ ಅರ್ಥವಾಗುವುದಿಲ್ಲವೆಂಬ ನಂಬಿಕೆಯನ್ನು ಈ ಪ್ರಯೋಗ ಬುಡಸಹಿತ ಅಲುಗಿಸಿತು. ನಾಯರ್ ಅವರ ಕುರಿತ 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಗ್ರಾಮಸ್ಥರು ದಶಕಗಳ ಹಿಂದೆ ನೋಡಿದ ಆ ಚಿತ್ರಗಳನ್ನು ನೆನೆದು ಮಾತನಾಡುತ್ತಾರೆ. ಈ ಕ್ಷೇತ್ರದ ಬಹುಪಾಲು ಸಂಶೋಧನೆ ಪ್ರೇಕ್ಷಕರು ಏನನ್ನುತ್ತಾರೆಂದು ಕೇಳಿದ್ದಷ್ಟೇ. ಹೆಗ್ಗೋಡಿನಲ್ಲಿ ಮಾತನಾಡಲು ಬೇಕಾದ ಚಿತ್ರವನ್ನೂ ಬಿಡುವನ್ನೂ ಜೊತೆಗಾರರನ್ನೂ ಒದಗಿಸಲಾಯಿತು.

ಬಿಡಿ ಪ್ರೇಕ್ಷಕರ ಮಾತಿನ ಜೊತೆಗೆ, ಅಭಿಮಾನಿ ಸಂಘಗಳ ಸಾಮೂಹಿಕ ದನಿಯನ್ನೂ ಚಲನಚಿತ್ರ ವಿದ್ವಾಂಸರಾದ ಎಂ. ಮಾಧವ ಪ್ರಸಾದ್ ಮತ್ತು ಎಸ್. ವಿ. ಶ್ರೀನಿವಾಸ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಕನ್ನಡದಲ್ಲಿ ಪ್ರೇಕ್ಷಕರು ಗ್ರಾಹಕರಾಗಿಯೂ ಮಾತನಾಡಿದ ನಿದರ್ಶನವಿದೆ: ಬೇರೆ ಭಾಷೆಯ ಚಿತ್ರ ಮತ್ತು ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ದಶಕಗಳಿಂದ ಇದ್ದ ಅಡ್ಡಿಯನ್ನು ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಪ್ರಶ್ನಿಸಿತು, ಮತ್ತು 2015ರಲ್ಲಿ ಆಯೋಗವು ಆ ಅಡ್ಡಿಯ ವಿರುದ್ಧ ಆದೇಶ ನೀಡಿತು. ಆದೇಶದ ಪರಿಣಾಮಗಳ ಬಗ್ಗೆ ಭಿನ್ನಾಭಿಪ್ರಾಯವಿರಬಹುದಾದರೂ, ಏನನ್ನು ನೋಡಬೇಕೆಂಬ ಪ್ರಶ್ನೆಯಲ್ಲಿ ನೋಡುವವರೇ ಕಾನೂನಿನ ಪಕ್ಷಗಾರರಾದದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದೆಡೆ, ಆಯ್ದ ಮನೆಗಳ ಟಿವಿಗೆ ಅಳವಡಿಸಿದ ಮೀಟರಿನಿಂದ ಲೆಕ್ಕ ಹಾಕುವ ಟಿಆರ್‌ಪಿ, 1990ರಲ್ಲಿ ಹುಟ್ಟಿದ ಐಎಂಡಿಬಿಯಲ್ಲಿ ಒಂದರಿಂದ ಹತ್ತರವರೆಗೆ ಕೊಡುವ ಅಂಕ, 2011ರಲ್ಲಿ ನ್ಯೂಜಿಲೆಂಡಿನಲ್ಲಿ ಶುರುವಾದ ಲೆಟರ್‌ಬಾಕ್ಸ್ಡ್‌ನ ನಕ್ಷತ್ರಗಳು, ಟಿಕೆಟ್ ಮಾರುವ ಆ್ಯಪ್‌ಗಳ ಶೇಕಡಾವಾರು ಲೆಕ್ಕ, ಇವು ಅಭಿಪ್ರಾಯವನ್ನು ಅಂಕಿಗೆ ಇಳಿಸಿವೆ. ಮೀಟರ್ ಹೇಳುವುದು ಟಿವಿ ಯಾವ ವಾಹಿನಿಯಲ್ಲಿತ್ತು ಎಂಬುದನ್ನೇ ವಿನಾ ಮನೆಯವರು ಅದನ್ನು ಮೆಚ್ಚಿದರೇ ಬೈದರೇ ಎಂಬುದನ್ನಲ್ಲ. ಬಾಯಿಮಾತಿನ ಬಲ ಇನ್ನೂ ಕುಂದಿಲ್ಲ. ಹೊಸಬರೇ ಹೆಚ್ಚಾಗಿದ್ದ 2015ರ ‘ರಂಗಿತರಂಗ’ ಅದರಿಂದಲೇ ಗೆದ್ದಿತು. ಆದರೆ ಮೊದಲ ದಿನದ ಮೊದಲ ಆಟ ಮುಗಿಯುತ್ತಲೇ ಚಿತ್ರಮಂದಿರದ ಬಾಗಿಲಲ್ಲಿ ಮೈಕು ಹಿಡಿದು ಪಡೆಯುವ ಪಬ್ಲಿಕ್ ರಿವ್ಯೂ ಈಗ ವಿವಾದದ ವಸ್ತುವಾಗಿದೆ. ಉದ್ದೇಶಪೂರ್ವಕವಾಗಿ ಚಿತ್ರಗಳನ್ನು ಕೆಡಿಸುವ ರಿವ್ಯೂಗಳ ವಿರುದ್ಧದ ಅರ್ಜಿ 2023ರಲ್ಲಿ ಕೇರಳ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು 2024ರಲ್ಲಿ ಬಿಡುಗಡೆಯ ನಂತರದ 48 ಗಂಟೆ ರಿವ್ಯೂ ಬೇಡವೆಂಬ ಸಲಹೆಯಿತ್ತರು. ಅದೇ ವರ್ಷ ತಮಿಳು ನಿರ್ಮಾಪಕರ ಸಂಘವು ಯೂಟ್ಯೂಬ್ ತಂಡಗಳನ್ನು ಚಿತ್ರಮಂದಿರದ ಆವರಣದೊಳಗೆ ಬಿಡಬಾರದೆಂದು ಕೋರಿತು. ಹಣ ಪಡೆದು ಹೊಗಳುವ ಅಥವಾ ತೆಗಳುವ ದಂಧೆಯನ್ನು ತಡೆಯುವುದು ನ್ಯಾಯವೇ. ಆದರೆ ಟಿಕೆಟಿಗೆ ದುಡ್ಡು ಕೊಟ್ಟವರು ಎರಡು ದಿನ ಸುಮ್ಮನಿರಬೇಕೆಂಬ ನಿರೀಕ್ಷೆಗೆ ಸಮರ್ಥನೆಯಿಲ್ಲ.

ಕನ್ನಡದ ಮಟ್ಟಿಗೆ ಆಗಬೇಕಾದ ಕೆಲಸ ಬಹಳವಿದೆ. ‘ರೂಪತಾರಾ’, ‘ವಿಜಯಚಿತ್ರ’ದಂಥ ಸಿನಿಮಾ ಪತ್ರಿಕೆಗಳ ಓದುಗರ ಪತ್ರಗಳು, 1998ರ ‘ಮಾಯಾಮೃಗ’ದಿಂದ ಮುಂದಕ್ಕೆ ದೈನಿಕ ಧಾರಾವಾಹಿಗಳ ಬಗ್ಗೆ ಮನೆಮನೆಯಲ್ಲಿ ನಡೆದ ಮಾತುಕತೆಯ ನೆನಪುಗಳು, ಹೆಗ್ಗೋಡಿನ ಚಿತ್ರಚರ್ಚೆಗಳಲ್ಲಿ ಭಾಗವಹಿಸಿದವರ ಅನುಭವಗಳು ಒಂದೆಡೆ ಕೂಡಿದರೆ, ಯಾವ ಊರಿನವರು, ಯಾವ ವಯಸ್ಸಿನವರು, ಯಾವ ಚಿತ್ರವನ್ನು ಏಕೆ ಮೆಚ್ಚಿದರು ಎಂಬ ಪ್ರಶ್ನೆಗೆ ಅವರದೇ ನುಡಿಯಲ್ಲಿ ಉತ್ತರ ದೊರೆಯುತ್ತದೆ. ನೆನಪಿಟ್ಟುಕೊಂಡವರಿಗೆ ವಯಸ್ಸಾಗುತ್ತಿರುವುದರಿಂದ, ಮುದ್ರಿತ ಪತ್ರಗಳಿಗಿಂತ ಮೊದಲು ಅವರ ಮಾತನ್ನು ದಾಖಲಿಸಿಕೊಳ್ಳುವುದು ಒಳಿತು.