ಕರ್ನಾಟಕ (ಹೆಸರು)

ಕರ್ನಾಟಕ ಎಂಬುದು ದಕ್ಷಿಣ ಭಾರತದ ಒಂದು ರಾಜ್ಯದ ಹೆಸರು. ಪದದ ನಿಷ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕರು ನಾಡು, ಅಂದರೆ ಎತ್ತರದ ನಾಡು ಎಂಬುದು ಒಂದು ಮತ. ಕರಿ ನಾಡು, ಅಂದರೆ ಕಪ್ಪುಮಣ್ಣಿನ ನಾಡು ಎಂಬುದು ಇನ್ನೊಂದು. ತರೀಕೆರೆ ಸೀಮೆಯಲ್ಲಿ ಎರಡೂ ಕಾಣಸಿಗುತ್ತವೆ: ಒಂದೆಡೆ ಬಾಬಾಬುಡನ್‌ಗಿರಿ ಶ್ರೇಣಿಯ ಎತ್ತರ, ಇನ್ನೊಂದೆಡೆ ಅಜ್ಜಂಪುರದ ಎರೆಭೂಮಿ. ಆದರೆ ಕೆಮ್ಮಣ್ಣುಗುಂಡಿಯೂ ಇಲ್ಲಿಯದೇ ಆದ್ದರಿಂದ ಮಣ್ಣಿನ ಬಣ್ಣವನ್ನು ಸಾಕ್ಷ್ಯವೆನ್ನಲಾಗದು.

ಇಂಗ್ಲಿಷ್ ಬಳಕೆ ವಿದ್ಯಾರ್ಥಿಗಳನ್ನು ಹೆಚ್ಚು ಗೊಂದಲಗೊಳಿಸುತ್ತದೆ. ವಿಜಯನಗರವು ಕರ್ಣಾಟ ಸಾಮ್ರಾಜ್ಯವೆನಿಸಿದ್ದರಿಂದ ಆ ಹೆಸರು ಅದರ ತಮಿಳು ಪ್ರದೇಶಗಳಿಗೂ ಹಬ್ಬಿ, ಅಲ್ಲಿಯೇ ಉಳಿಯಿತು. ಯುರೋಪಿಯನ್ನರ ‘ಕರ್ನಾಟಿಕ್’ ಎಂದರೆ ಮುಖ್ಯವಾಗಿ ಆರ್ಕಾಟ್ ನವಾಬರ ಸೀಮೆ. 18ನೆಯ ಶತಮಾನದ ಕರ್ನಾಟಿಕ್ ಯುದ್ಧಗಳು ಹೆಚ್ಚಾಗಿ ನಡೆದದ್ದು ಇಂದಿನ ತಮಿಳುನಾಡಿನಲ್ಲಿ. ಕನ್ನಡನಾಡಿನ ಭಾಗಗಳನ್ನು ಅವರು ಮೈಸೂರು, ಕೆನರಾ ಮುಂತಾಗಿ ಕರೆಯುತ್ತಿದ್ದರು.

1956ರ ನವೆಂಬರ್ 1ರಂದು ಏಕೀಕೃತ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಮುಂದುವರಿಯಿತು. ಹಳೆಯ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದ ತರೀಕೆರೆಗೆ ಅದು ಹೊಸದಲ್ಲ. ಧಾರವಾಡ, ಕಲಬುರಗಿಗಳ ಜನರಿಗೆ ಮಾತ್ರ ಅದು ಬೇರೊಂದು ಸೀಮೆಯ ಹೆಸರು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ‘ಕರ್ಣಾಟಕ’ ಎಂಬ ಕಾಗುಣಿತವೂ ಹಳೆಯ ಪುಸ್ತಕಗಳಲ್ಲಿ ಕಂಡುಬರುತ್ತದೆ.