ಸೀತಾಳೆ ದಂಡೆಗೆ ಯಾವ ಮದ್ದು?

ನಮ್ಮ ಆರ್‌ಪಿಸಿ ಲೇಔಟಿನ ಬಾಲ್ಕನಿಗಳಿಗೆ ಆರ್ಕಿಡ್ ಬಂದ ಬೆನ್ನಿಗೇ ಮನೆಮದ್ದುಗಳೂ ಬಂದವು. ಒಬ್ಬರು ಅಕ್ಕಿ ತೊಳೆದ ನೀರು ಹಾಕಿ ಎಂದರೆ, ಇನ್ನೊಬ್ಬರು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಎನ್ನುತ್ತಾರೆ, ಮತ್ತೊಬ್ಬರು ಒಂದು ಚಮಚ ಸಕ್ಕರೆ. ನಕ್ಕು ಬಿಡುವ ಮಾತಲ್ಲ. ಗಿಡಕ್ಕೆ ಮದ್ದು ಮಾಡುವ ವಿದ್ಯೆ ನಮ್ಮಲ್ಲಿ ಸಾವಿರ ವರ್ಷ ಹಳೆಯದು.

1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಬರೆದ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ. ಅಡುಗೆ, ಸುಗಂಧಗಳ ಜೊತೆಗೇ ಈತ ಗಿಡಮರಗಳ ಆರೈಕೆಗೂ ಕನ್ನಡದಲ್ಲಿ ಜಾಗ ಕೊಟ್ಟ. ಸಂಸ್ಕೃತದ ಸುರಪಾಲನ 'ವೃಕ್ಷಾಯುರ್ವೇದ'ದಲ್ಲಿ ಕುಣಪಜಲವಿದೆ: ಮಾಂಸ, ಮಜ್ಜೆ ಬೇಯಿಸಿ, ಎಳ್ಳಿನ ಹಿಂಡಿ, ಜೇನು, ಉದ್ದು ಬೆರೆಸಿ ಕೊಳೆಸಿದ ಗೊಬ್ಬರದ ನೀರು. ಅದು ನೆಲದಲ್ಲಿ ಬೇರೂರಿದ ಮರಕ್ಕೆ. ಆ ಕೊಳೆತದ್ದನ್ನು ಬೇರಿಗೆ ಒಗ್ಗುವಂತೆ ಅರಗಿಸಿಕೊಡಲು ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ.

ನಾವು ತೂಗುಹಾಕುವ ಆರ್ಕಿಡ್‌ಗಳ ಬಾಳೇ ಬೇರೆ. ಮಲೆನಾಡಿನ ಹೆಂಗಸರು ಮುಡಿಯುವ ಸೀತಾಳೆ ದಂಡೆಯೂ ಒಂದು ಆರ್ಕಿಡ್. ಮರದ ಮೇಲಿದ್ದರೂ ಮರದ ರಸ ಹೀರುವ ಬಂದಳಿಕೆಯಲ್ಲ, ಬರಿಯ ಬಾಡಿಗೆದಾರಳು. ಬೇರಿನ ಸುತ್ತ ಬಿಳಿಯ ಸ್ಪಂಜಿನಂಥ ಹೊದಿಕೆ. ಮಳೆ ತೊಗಟೆ ತೊಳೆದು ತಂದ ಚೂರುಪಾರು ಸಾರವನ್ನು ಅದು ಹೀರಿಕೊಂಡು ಮತ್ತೆ ಗಾಳಿಗೆ ಒಣಗುತ್ತದೆ. ಅಲ್ಲಿಗೆ ಅಕ್ಕಿಯ ಗಂಜಿ ಸುರಿದರೆ ಹುಳಿಯುತ್ತದೆ, ಬೇರು ಕೊಳೆಯುತ್ತದೆ.

ಸಕ್ಕರೆಗೂ ಒಂದು ಚರಿತ್ರೆಯಿದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯಿಲ್ಲ. ಕಾಡಿನಲ್ಲಿ ಅದಕ್ಕೆ ಉಣಿಸುವುದು ಒಂದು ಬಗೆಯ ಶಿಲೀಂಧ್ರ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರದ ಬದಲು ಸಕ್ಕರೆ ಮತ್ತು ಲವಣ ಕೊಟ್ಟು ಗಾಜಿನೊಳಗೆ ಬೀಜ ಮೊಳೆಸಬಹುದೆಂದು ತೋರಿಸಿದರು. ಆದರೆ ಆ ಗಾಜಿನೊಳಗೆ ಒಂದು ಕ್ರಿಮಿಯೂ ಇರುವಂತಿಲ್ಲ. ನಮ್ಮ ಕುಂಡದ ಬೆಳೆದ ಗಿಡ ತನ್ನ ಸಕ್ಕರೆಯನ್ನು ಎಲೆಯಲ್ಲೇ ಮಾಡಿಕೊಳ್ಳುತ್ತದೆ. ನಾವು ಹಾಕಿದ್ದು ಇರುವೆಗೆ, ಬೂಷ್ಟಿಗೆ.

ಹಾಗಾಗಿ ಮದ್ದು ಹೇಳಿದವರನ್ನು ನಾನು ಕೇಳುವುದು ಒಂದೇ ಮಾತು: ಇದು ಯಾವ ಗಿಡಕ್ಕೆ, ಯಾವ ವಯಸ್ಸಿಗೆ ಹುಟ್ಟಿದ ಮದ್ದು? ಆರ್ಕಿಡ್‌ಗೆ ಸಾಕಾಗುವುದು ಇಷ್ಟೆ. ಇದ್ದಿಲು, ತೊಗಟೆಯ ಚೂರು, ಗಾಳಿ. ಅಂಗಡಿಯ ಗೊಬ್ಬರವಾದರೆ ಪೊಟ್ಟಣದಲ್ಲಿ ಹೇಳಿದ್ದರ ಕಾಲುಭಾಗ, ಅದೂ ಬೇರು ನೆನೆದ ಮೇಲೆ. ನಡುನಡುವೆ ಬರಿಯ ನೀರಿನ ಸ್ನಾನ.

ಇಷ್ಟು ಜಾಗ್ರತೆ ಏಕೆಂದರೆ, ಕೊಳೆತುಹೋದ ಸೀತಾಳೆಯ ಬದಲಿಗೆ ಇನ್ನೊಂದನ್ನು ಕಿತ್ತು ತರಲು ಮಲೆನಾಡಿನ ಕಾಡು ನಮ್ಮ ಮನೆಯ ಉಗ್ರಾಣವಲ್ಲ.